ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಕ್ರೈಸ್ತ ವಿದ್ಯಾರ್ಥಿ ಸಂಘದ ಕ್ರಿಸ್ಮಸ್ ಕೂಟಕ್ಕೆಂದು ಕಾಲೇಜಿನ ಪ್ರಾರ್ಥನಾ ಮಂದಿರದೊಳಗೆ ಬಂದು ನಿಂತ ಮೇಲೆಯೇ ತಿರುಮಲ ಗಮನಿಸಿದ್ದು: ಎಲ್ಲರ ಕಾಲಲ್ಲೂ ಬೂಟು, ತಾನೊಬ್ಬನೇ ಬರಿಗಾಲು. ಮೈಲಾಪೂರಿನ ಗುಡಿಗೆ ಹೋದ ಹಾಗೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಿರುಮಲ ಹೊರಡಲು ತಿರುಗಿದ.

ಸಂಘದ ಕಾರ್ಯದರ್ಶಿ, ಮಂಗಳೂರಿನ ಎಬೆನೆಜರ್, ಅಲ್ಲೇ ಬಗ್ಗಿ ಲೇಸು ಬಿಚ್ಚತೊಡಗಿದ. "ಬೆಳಿಗ್ಗೆಯಿಂದ ಈ ಬೂಟು ಕಚ್ತಾ ಉಂಟು ಮಾರಾಯ. ನಿಲ್ಲು, ನಾನೂ ಹೊರಗೆ ಇಟ್ಟು ಬರ್ತೇನೆ." ಹರಿದ ಕಾಲುಚೀಲದಿಂದ ಅವನ ಹೆಬ್ಬೆರಳು ಇಣುಕುತ್ತಿತ್ತು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ನಕ್ಕವನೂ ಎದ್ದ.

ಅದು ಮದರಾಸಿನಲ್ಲಿ ಐವತ್ತೆಂಟರ ಮಾತು. ಆ ಸಂಜೆ ಯಾವ ಹಾಡು ಹಾಡಿದರೋ, ತಿರುಮಲನಿಗೆ ಈಗ ಮರೆತೇ ಹೋಗಿದೆ. ಕೂಟ ಮುಗಿದು ಹೊರಬಂದಾಗ ಬಾಗಿಲ ಬಳಿಯ ಬೂಟುಗಳ ರಾಶಿಯಲ್ಲಿ ತನ್ನ ಚಪ್ಪಲಿಗಾಗಿ ತಡಕಾಡಿದ್ದು ಮಾತ್ರ ಮರೆತಿಲ್ಲ.