ದೂರ ಕೂತವಳು

“ಒಂದೇ ಒಂದು ಸಾಲು ತೆಗೀಬೇಕಂತೆ,” ಎಂದಳು ಲ್ಯಾಪ್‌ಟಾಪಿನ ಪರದೆಯೊಳಗಿದ್ದ ಶಾಂಟೆಲ್. “ಅದು ಸುಳ್ಳು ಅಂತಿದಾಳೆ ಅಜ್ಜಿ.”

ಅನಸೂಯಳ ಕೈಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಡಬ್ಲಿನ್ನಿನಿಂದ ಒಂದೂವರೆ ಗಂಟೆ ದೂರದ ಅತ್ಲೋನ್ ಊರಲ್ಲಿ ಶನಿವಾರದ ಬೆಳಗು, ಅಡುಗೆಮನೆಯ ಮೇಜು. ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆಯರ ಆನ್‌ಲೈನ್ ಪ್ರದರ್ಶನವೊಂದು ಅಂದೇ ತೆರೆಯುವುದಿತ್ತು. ಕಣ್ಣು ಕಾಣದವರೂ ಕೇಳಿ ತಿಳಿಯುವಂತೆ ಅದರ ಹನ್ನೆರಡು ಚಿತ್ರಗಳನ್ನು ಮಾತಿನಲ್ಲಿ ವಿವರಿಸುವ ಕೆಲಸ ಅವಳದಾಗಿತ್ತು. ಈ ದೇಶಕ್ಕೆ ಬಂದು ಹದಿನೇಳು ವರ್ಷವಾದ ಮೇಲೆ ಸಿಕ್ಕಿದ ಮೊದಲ ಕೆಲಸ. ಹನ್ನೊಂದು ವಿವರಣೆಗಳು ಒಪ್ಪಿಗೆಯಾಗಿದ್ದವು. ಹನ್ನೆರಡನೆಯ ಚಿತ್ರ ಬರೆದ ಡೋರೀನ್ ಎಂಬ ಮುದುಕಿ ಇನ್ನೂ ಹೂಂ ಅಂದಿರಲಿಲ್ಲ. ಚಿತ್ರ ಯಾರದೋ ಅವರು ಕೇಳಿ ಒಪ್ಪದೆ ಅದರ ಬಗ್ಗೆ ಒಂದಕ್ಷರವೂ ಹೊರಗೆ ಹೋಗಬಾರದೆಂಬುದು ಆ ಕಲಾವಿದೆಯರ ಕಟ್ಟುಪಾಡು.

ಆ ಚಿತ್ರ ಮುಗಿಸಿದ ವರ್ಷವೇ ಡೋರೀನಳ ಕಣ್ಣು ಹೋಗಿತ್ತು. ಈಗ ಮೊಮ್ಮಗಳು ಶಾಂಟೆಲಳ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮುಖದ ಬದಲು ಕಿವಿಯನ್ನು ಪರದೆಗೆ ಕೊಟ್ಟಿದ್ದಳು. ಅವರ ಹಿಂದೆ ಮರುಭೂಮಿಯ ಸಂಜೆ. ಎರಡು ನಾಯಿಗಳು ಕಚ್ಚಾಡುತ್ತಿದ್ದವು. ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು.

“ಯಾವ ಸಾಲು?” ಎಂದು ಕೇಳಿದಳು ಅನಸೂಯ, ಗೊತ್ತಿದ್ದೂ.

ಶಾಂಟೆಲ್ ಓದಿದಳು: “‘ಏಳನೆಯವಳು ಒಂಟಿಯಾಗಿ ಕೂತಿದ್ದಾಳೆ. ಅವಳಿಗೂ ಉಳಿದವರಿಗೂ ನಡುವೆ ಯಾರೂ ದಾಟದ ಕೆಂಪು ನೆಲ.’”

ಪ್ರದರ್ಶನ ನಡೆಸುತ್ತಿದ್ದ ಮೆಲ್ಬರ್ನಿನ ಕಚೇರಿಯವರು ಹನ್ನೆರಡು ವಿವರಣೆಗಳಲ್ಲಿ ಈ ಸಾಲನ್ನೇ ಎತ್ತಿ ಮೆಚ್ಚಿಕೊಂಡಿದ್ದರು. ಅನಸೂಯಳಿಗೂ ಅದು ಬರೆದಂತೆ ಅನಿಸಿರಲಿಲ್ಲ, ತಾನಾಗಿ ಬಂದು ಕೂತಂತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಅಜ್ಜಿಗೆ ಸ್ವಲ್ಪ ಹೇಳಿ ಶಾಂಟೆಲ್. ನಾನು ಕಂಡದ್ದನ್ನಷ್ಟೇ ಬರೆದಿದೀನಿ. ನಡುವೆ ನೀರಿನ ಹೊಂಡ ಇದೆ. ಸುತ್ತ ಕುದುರೆ ಲಾಳದ ಥರ ಆರು ಗುರುತು, ಒಂದೊಂದೂ ನೆಲದ ಮೇಲೆ ಕೂತಿರೋ ಹೆಂಗಸು. ಏಳನೇದು ಮಾತ್ರ ಎಲ್ಲೋ ಮೂಲೇಲಿದೆ. ನಡುವೆ ಒಂದು ಚುಕ್ಕೇನೂ ಇಲ್ಲ.”

ಶಾಂಟೆಲ್ ತಮ್ಮ ಭಾಷೆಯಲ್ಲಿ ಹೇಳಿದಳು. ಮುದುಕಿ ಗೊಳ್ಳನೆ ನಕ್ಕಳು. ನಗುತ್ತಲೇ ಏನೋ ಹೇಳಿದಳು. ಮೊಮ್ಮಗಳಿಗೂ ನಗು ಬಂತು.

“ಮೂಲೇಲಿ ಕೂತಿರೋಳು ತಾನೇ ಅಂತೆ. ‘ಆಯಮ್ಮನ್ನ ಕೇಳು, ನನ್ನನ್ನ ಒಂಟಿ ಅಂದೋರು ಯಾರು’ ಅಂತಿದಾಳೆ. ನಡುವೆ ಪೂರ್ತಿ ಮಕ್ಕಳಂತೆ. ಓಡಾಡ್ತಿದಾವಂತೆ, ಬೀಳ್ತಿದಾವಂತೆ, ಹಲ್ಲಿ ಹಿಡೀತಿದಾವಂತೆ.”

“ಮಕ್ಕಳು ಚಿತ್ರದಲ್ಲಿಲ್ಲವಲ್ಲ.”

ಮುದುಕಿಯ ಉತ್ತರ ತಡವಾಗಲಿಲ್ಲ. ಶಾಂಟೆಲ್ ಹೇಳಿದಳು: “‘ಕೂತೋರಿಗೆ ಗುರುತು ಹಾಕ್ತಾರೆ. ಮಕ್ಕಳು ಒಂದು ಕಡೆ ಕೂರ್ತಾವಾ? ಎಲ್ಲಿ ಅಂತ ಹಾಕಲಿ? ಅವುಕ್ಕೆ ಜಾಗ ಬಿಟ್ಟಿದೀನಿ. ಅವನ್ನ ನೋಡ್ಕೊಳ್ಳೋಕೇ ನಾನು ಆ ತುದೀಲಿ ಕೂತಿರೋದು.’”

ಅನಸೂಯ ಚಿತ್ರವನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಳು. ನಾಲ್ಕು ದಿನ ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದ್ದಳು. ಆ ಕೆಂಪಿನಲ್ಲಿ ಈಗಲೂ ಅವಳಿಗೆ ಯಾರೂ ಕಾಣಲಿಲ್ಲ.

“ಹಾಗಿದ್ರೆ ಮಕ್ಕಳು ಅಂತ ಸೇರಿಸ್ತೀನಿ. ಚೆನ್ನಾಗಿರುತ್ತೆ.”

“ಬೇಡವಂತೆ. ಅದು ನಿಮಗೆ ಹೇಳಿದ್ದು, ಬರೆಯೋಕಲ್ಲ. ಅದು ನಮ್ಮ ಮನೇದು.” ಶಾಂಟೆಲಳ ದನಿ ಮೆತ್ತಗಾಯಿತು. “ಒಂಟಿ ಅನ್ನೋದು, ಯಾರೂ ದಾಟಿಲ್ಲ ಅನ್ನೋದು, ಎರಡೂ ಹೋಗಲಿ. ಅಷ್ಟೇ.”

ಅನಸೂಯ ಕರ್ಸರನ್ನು ಸಾಲಿನ ಕೊನೆಯಲ್ಲಿಟ್ಟು ಒಂದೊಂದೇ ಅಕ್ಷರ ಅಳಿಸುತ್ತ ಹಿಂದೆ ಬಂದಳು. ಒಟ್ಟಿಗೆ ಅಳಿಸಬಹುದಿತ್ತು, ಕೈ ಬರಲಿಲ್ಲ. ‘ಏಳನೆಯವಳು ದೂರದ ಮೂಲೆಯಲ್ಲಿ ಕೂತಿದ್ದಾಳೆ. ನಡುವೆ ಕೆಂಪು ನೆಲ.’ ಅಷ್ಟನ್ನು ಮತ್ತೆ ಬರೆದು ಗಟ್ಟಿಯಾಗಿ ಓದಿದಳು. ಶಾಂಟೆಲ್ ಅಜ್ಜಿಯ ಕಿವಿಯ ಹತ್ತಿರ ಹೇಳಿದಳು. ಮುದುಕಿ ತಲೆಯಾಡಿಸಿದಳು. ಹನ್ನೆರಡನೆಯದೂ ಒಪ್ಪಿಗೆಯಾಯಿತು.

“ಥ್ಯಾಂಕ್ಸ್ ಅಂತ ಹೇಳಿ ಅಜ್ಜಿಗೆ. ಗ್ರ್ಯಾಂಡ್ ಆಯ್ತು,” ಎಂದು ಇಲ್ಲಿಯವರ ಮಾತಿನಲ್ಲೇ ಹೇಳಿ ಅನಸೂಯ ಕರೆ ಮುಗಿಸಲು ಹೊರಟಳು.

ಡೋರೀನ್ ಮೊಮ್ಮಗಳ ತೋಳು ಹಿಡಿದು ಮತ್ತೇನೋ ಕೇಳಿದಳು.

“ಒಂದ್ನಿಮಿಷ ಇರಿ. ನಿಮ್ಮ ಜೊತೆ ಯಾರಿದಾರೆ ಅಂತ ಕೇಳ್ತಿದಾಳೆ.”

“ಗಂಡ, ಮಗಳು. ಇಬ್ರೂ ಮನೇಲೇ ಇದಾರೆ.”

ಅದು ನಿಜ. ಚಾಮರಾಜ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಶನಿವಾರವೂ ಡಬ್ಲಿನ್ ಆಫೀಸಿನವರ ಜೊತೆ ಮೀಟಿಂಗಿನಲ್ಲಿದ್ದ. ಪಕ್ಕದ ಕೋಣೆಯಲ್ಲಿ ತನ್ವಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲಗಿದ್ದಳು. ಬೆಳಗಿನಿಂದ ಇಬ್ಬರೂ ಕೆಳಗಿಳಿದಿರಲಿಲ್ಲ.

ಮುದುಕಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಕಿವಿಯನ್ನು ಪರದೆಗೆ ತಾಗಿಸುವಷ್ಟು ಹತ್ತಿರ ತಂದಳು. ಪರದೆ ತುಂಬ ಬರೀ ಆ ಕಿವಿ, ಅದರ ಮೇಲೆ ನಾಲ್ಕು ಬಿಳಿ ಕೂದಲು. ಹಾಗೇ ಬಾಗಿ ಆಲಿಸಿದಳು. ಆಮೇಲೆ ಮೊಮ್ಮಗಳಿಗೆ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಶಾಂಟೆಲ್ ಅಜ್ಜಿಯ ತೋಳನ್ನು ಮೆಲ್ಲಗೆ ತಟ್ಟಿದಳು.

“ಏನಂದ್ರು?”

“ಯಾರ ಸದ್ದೂ ಕೇಳಿಸ್ತಿಲ್ಲವಲ್ಲ ಅಂತಿದಾಳೆ.”

“ನಮ್ಮ ಕಡೆ ಮೈಕ್ ಸರಿ ಇಲ್ಲ ಅಂತ ಹೇಳಿ,” ಎಂದಳು ಅನಸೂಯ.