ತಪಾಸಣೆಯ ದಿನ

ಯೂನಿಯನ್ ಕಟ್ಟುವುದು ಕಾನೂನೇ ಕೊಟ್ಟ ಹಕ್ಕು ಎಂದು ನಂಬಿ ಗಾರ್ಮೆಂಟ್ಸ್‌ನ ಹೆಂಗಸರನ್ನು ಒಟ್ಟುಗೂಡಿಸಿದ್ದಕ್ಕೆ ಚಿಕ್ಕತಾಯಿ ಎಂಬವಳನ್ನು ಕೆಲಸದಿಂದ ತೆಗೆದಿದ್ದರು. ಲೇಬರ್ ಆಫೀಸಿಗೆ ಅಲೆದಲೆದು ಅವಳಿಗೆ ಸಾಕಾಗಿತ್ತು. ಇಂದು ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ತಪಾಸಣೆಗೆ ಬಂದಿದ್ದರು. ಅವರು ಮನಸ್ಸು ಮಾಡಿದರೆ ಕೆಲಸ ಮರಳಿ ಸಿಗುತ್ತಿತ್ತು.

ಸಂಜೆ ಅವಳು ಗೇಟಿನ ಹೊರಗೆ ಕಾಯುತ್ತಿದ್ದಾಗ, ಇನ್ನೂ ಅಲ್ಲೇ ಕೆಲಸಕ್ಕಿದ್ದ ಗೆಳತಿ ಜಯಶೀಲ ಕಾಲೆಳೆಯುತ್ತ ಹೊರಬಂದಳು.

“ನನ್ ವಿಷ್ಯ ಹೇಳ್ದೇನೇ?”

“ಬಾಯೇ ಬರ್ನಿಲ್ಲ ಕಣಕ್ಕ. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದ.”

“ಯೂನಿಯನ್ ಐತಾ ಅಂತ ಅವ್ರು ಕೇಳ್ನಿಲ್ವಾ?”

“ಕೇಳುದ್ರು. ಐತೆ ಅಂದ.”

“ಥೂ ಅವ್ನ! ಇಲ್ದಿರೋ ಯೂನಿಯನ್‌ಗೆ ಅಧ್ಯಕ್ಷರು ಯಾರಂತೆ?”

ಜಯಶೀಲ ಸೆರಗಿಗೆ ಅಂಟಿದ್ದ ದಾರದ ಎಳೆಯನ್ನು ಕಿತ್ತು ಬಿಸಾಡಿದಳು.

“ನೀನೇ ಅಂತೆ ಅಕ್ಕ. ರಜದ ಮೇಲೆ ಹೋಗಿದ್ದೀಯಂತೆ.”