ಎರಡು ಚಮಚ ಹರಳೆಣ್ಣೆ

ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಅಂದು ಬಂದಿತ್ತು. ಶಶಿರೇಖಾ ಮೂರನೆಯ ಕೊಡ ಇಡುವಷ್ಟರಲ್ಲಿ ಒಳಗಿನಿಂದ ಅತ್ತೆ ಲಕ್ಷ್ಮೀದೇವಮ್ಮನವರ ಕೂಗು ಕೇಳಿಸಿತು.

“ಶಶೀ, ಕೊಡ ಬಿಟ್ಟು ಬಾರೇ! ಅರ್ಪಿತ ಎದ್ದವ್ಳೆ, ಡಿಕಾಕ್ಷನ್ ಬಿಸಿ ಮಾಡು.”

“ನೀರು ನಿಂತೋಗುತ್ತೆ ಅತ್ತೆ.”

“ನಿಂತ್ರೆ ನಿಂತ್ಕೊಳ್ಲಿ ಬಿಡು.”

ಹೋದ ವರ್ಷ ಜ್ವರದಲ್ಲಿ ನಡುಗುತ್ತಿದ್ದ ಸೊಸೆಯನ್ನು ಎಬ್ಬಿಸಿ ಇದೇ ನಲ್ಲಿಯ ಮುಂದೆ ನಿಲ್ಲಿಸಿದ ಬಾಯಿ ಇದೇನಾ? ಶಶಿರೇಖಾ ನಲ್ಲಿಯನ್ನು ಹಾಗೇ ಬಿಟ್ಟು ಒಳಗೆ ನಡೆದಳು.

ನಾದಿನಿ ಅರ್ಪಿತ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ತವರಿಗೆ ಬಂದು ಅದು ನಾಲ್ಕನೆಯ ದಿನ. ಫ್ಯಾಕ್ಟರಿ ಕ್ಯಾಂಟೀನ್ ಊಟಕ್ಕೆ ಹೊಟ್ಟೆ ಕೆಟ್ಟಿದೆ ಎಂದಿದ್ದೇ ತಡ, “ನಮ್ಮವ್ವ ಮಾಡ್ತಿದ್ದಂಗೆ ನಿನ್ ಹೊಟ್ಟೆ ತೊಳೆದು ಕಳಿಸ್ತೀನಿ” ಎಂದು ಲಕ್ಷ್ಮೀದೇವಮ್ಮ ಸೆರಗು ಸಿಕ್ಕಿಸಿ ನಿಂತಿದ್ದರು. ಮೂರು ದಿನ ಬೆಳಗಾದರೆ ಬಿಸಿ ತುಪ್ಪ, ಮೈಗೆಲ್ಲ ಎಳ್ಳೆಣ್ಣೆ, ಹಂಡೆ ನೀರಿನ ಸ್ನಾನ. ಎಣ್ಣೆ ಬೆಚ್ಚಗೆ ಮಾಡಿಕೊಟ್ಟವಳು, ನೀರು ಕಾಯಿಸಿದವಳು ಶಶಿರೇಖಾ. ಬಾಗಿಲ ಮರೆಯಲ್ಲಿ ನಿಂತು, ಮಗಳ ನೆತ್ತಿಯ ಮೇಲೆ ಆಡುತ್ತಿದ್ದ ಅತ್ತೆಯ ಕೈಯನ್ನೇ ನೋಡಿದವಳೂ ಅವಳೇ. ಈ ಮನೆಗೆ ಬಂದು ಎಂಟು ವರ್ಷ. ಹೆತ್ತವ್ವ ಹೋಗಿದ್ದು ಅದಕ್ಕೂ ಮುಂಚೆ. ಆಮೇಲೆ ಅವಳ ತಲೆಗೆ ಅವಳೇ ಎಣ್ಣೆ ಹಚ್ಚಿಕೊಂಡಿದ್ದಳು.

ಅಂದು ಹರಳೆಣ್ಣೆ ಕುಡಿಯುವ ದಿನ. ಬಿಸಿ ಡಿಕಾಕ್ಷನ್‌ನಲ್ಲಿ ಕಲಸಿದ ಎಣ್ಣೆಯನ್ನು ಅರ್ಪಿತ ಮೂಗು ಹಿಡಿದು ನುಂಗಿದಳು.

“ಅಯ್ಯಪ್ಪಾ! ಗ್ರೀಸ್ ಕುಡಿದಂಗಾಯ್ತು ಕಣಮ್ಮಾ!”

“ಆಯ್ತು ಆಯ್ತು, ನನ್ ಚಿನ್ನ. ಈ ನಿಂಬೆಹಣ್ಣು ಚೀಪು.”

“ಅತ್ತೆ, ನಾನೂ ಒಂದ್ ಸಲ ಕುಡೀಲಾ?” ಶಶಿರೇಖಾ ಕೇಳಿಯೇಬಿಟ್ಟಳು.

ಲಕ್ಷ್ಮೀದೇವಮ್ಮ ನಕ್ಕರು. “ನೀನೂ ಮಲಗಿಬಿಟ್ರೆ ಗಂಜಿ ಕಾಯ್ಸೋರ್ಯಾರೇ? ಮಗ್ಗಕ್ಕೆ ಕಂಡಿಕೆ ಸುತ್ತೋರ್ಯಾರು? ನಿಂಗೇನಾಗದೆ ಧಾಡಿ, ಕಲ್ಲು ತಿಂದ್ರೂ ಅರಗಿಸ್ಕೊಳ್ತೀಯ.”

“ಅತ್ತಿಗೆ ಹೊಟ್ಟೆ ನಮ್ ಮಗ್ಗ ಇದ್ದಂಗಮ್ಮ. ಕರೆಂಟ್ ಒಂದಿದ್ರೆ ಸಾಕು, ಓಡ್ತಾನೇ ಇರುತ್ತೆ!” ಎಂದಳು ಅರ್ಪಿತ.

ಶಶಿರೇಖಾಳೂ ನಕ್ಕಳು. ಅಡುಗೆಮನೆಗೆ ಬರುವಷ್ಟರಲ್ಲಿ ಆ ನಗು ಮುಗಿದಿತ್ತು. ಕಟ್ಟೆಯ ಮೇಲೆ ಹರಳೆಣ್ಣೆಯ ಬಾಟಲಿ ಮುಚ್ಚಳ ತೆಗೆದೇ ಇತ್ತು. ಒಂದು ಚಮಚ ಸುರಿದುಕೊಂಡಳು, ಮತ್ತೊಂದು ಸುರಿದುಕೊಂಡಳು. ಡಿಕಾಕ್ಷನ್ ಇಲ್ಲ, ನಿಂಬೆಹಣ್ಣಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿದರೆ, ಆರು ವರ್ಷದ ಮಗಳು ಸ್ನೇಹ ಬ್ರಷ್ ಕಚ್ಚಿಕೊಂಡು ಹೊಸಿಲ ಮೇಲೆ ನಿಂತಿದ್ದಾಳೆ.

“ಅಮ್ಮಾ, ನೀನ್ಯಾಕೆ…”

“ಶ್! ಹೋಗು, ಬಾಯಿ ಮುಕ್ಕಳಿಸ್ಕೋ.”

ಕಂಡಿಕೆ ಸುತ್ತುವ ಮಿಷಿನ್ನಿನ ಮುಂದೆ ಕೂತಾಗ ಮಗು ಮತ್ತೆ ಬಂತು. “ಅಮ್ಮಾ, ಆವಾಗ್ಲೇ…”

“ಈ ಕಂಡಿಕೆ ನಿಮ್ಮಪ್ಪಂಗೆ ಕೊಟ್ಬಾ ಹೋಗು, ಜಾಣೆ. ಮಗ್ಗ ನಿಂತದೆ.”

ಸ್ನೇಹ ನೂಲು ಸುತ್ತಿದ ಕಂಡಿಕೆಗಳನ್ನು ಲಂಗದಲ್ಲಿ ತುಂಬಿಕೊಂಡು ಹೋದಳು.

ಒಂಬತ್ತು ಗಂಟೆಯ ಹೊತ್ತಿಗೆ ಆ ಮನೆಗಿದ್ದ ಒಂದೇ ಕಕ್ಕಸಿಗೆ ಇಬ್ಬರು ವಾರಸುದಾರರಾದರು.

“ಅತ್ತಿಗೇ, ಬೇಗ ಬನ್ರೀ!” ಅರ್ಪಿತ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದಳು. “ಇವತ್ತು ನನ್ ದಿನ ಕಣ್ರೀ!”

ಐದನೆಯ ಸಲ ಹೊರಬಂದ ಶಶಿರೇಖಾ ಗೋಡೆ ಹಿಡಿದುಕೊಂಡೇ ನಡೆದಳು. ಅತ್ತೆ ಓಡಿಬಂದು ರಟ್ಟೆಗೆ ಕೈಕೊಟ್ಟರು. “ಅಯ್ಯೋ, ಏನಾಯ್ತೇ? ರಾತ್ರಿ ಹುರುಳಿಕಾಳು ಬಸ್ಸಾರು ಉಷ್ಣ ಆಗ್ಬಿಟ್ಟದೆ. ಬಾ, ಕೂತ್ಕೋ.” ಮಗ್ಗದ ಕೋಣೆಯಲ್ಲಿದ್ದ ಮಗನ ಕಡೆ ತಿರುಗಿ ಕೂಗಿದರು: “ವಸಂತಾ, ಕಂಡಿಕೆ ನೀನೇ ಸುತ್ಕೊಳ್ಳೋ! ಇವ್ಳ ಕೈಲಾಗಲ್ಲ ಇವತ್ತು.”

ಚಾಪೆಯ ಮೇಲೆ ಕೂರಿಸಿ, ಸೊಸೆಯ ತಲೆಯನ್ನು ಮೊಣಕಾಲಿಗೆ ಒರಗಿಸಿಕೊಂಡು, ತಂಪಿಗೆಂದು ನೆತ್ತಿಗೆ ಎಣ್ಣೆ ತಟ್ಟಿದರು. ನೂಲಿನಲ್ಲಿ ಸವೆದ ಒರಟು ಬೆರಳು ಕೂದಲಿನ ಬುಡಬುಡಕ್ಕೂ ಇಳಿಯಿತು.

“ಕೂದ್ಲು ನೋಡು, ಒಣಗಿ ನಾರಾಗದೆ. ಬಾಯಿಬಿಟ್ಟು ಹೇಳ್ಬಾರ್ದೇನೇ?”

ಶಶಿರೇಖಾ ಕಣ್ಣು ಮುಚ್ಚಿಕೊಂಡಿದ್ದಳು. ಹೊಟ್ಟೆ ಹಿಂಡುತ್ತಿತ್ತು, ಆದರೂ ಅತ್ತೆ ಅರ್ಪಿತಳಿಗೆ ಹಚ್ಚಿದಷ್ಟು ಹೊತ್ತು ತನಗೂ ಹಚ್ಚುತ್ತಾರೋ ಇಲ್ಲವೋ ಎಂದು ಮನಸ್ಸು ಒಳಗೊಳಗೇ ಅಳೆಯುತ್ತಿತ್ತು.

“ಅಮ್ಮಾ, ನಂಗೆ ಬಿಸಿನೀರು…” ಆಚೆ ಚಾಪೆಯಿಂದ ಅರ್ಪಿತಳ ದನಿ.

“ಎದ್ದು ನೀನೇ ತಗೊಳ್ಳೇ. ಕಾಣಲ್ವಾ, ಇವ್ಳಿಗೆ ಹಚ್ತಿದೀನಿ.”

ಎಂಟು ವರ್ಷದಲ್ಲಿ ಅಷ್ಟು ಸಿಹಿಯಾದ ಮಾತನ್ನು ಶಶಿರೇಖಾ ಆ ಮನೆಯಲ್ಲಿ ಕೇಳಿರಲಿಲ್ಲ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯತ್ತ ಇಳಿಯಿತು.

“ಅಳ್ಬೇಡ ಸುಮ್ನಿರು, ಹೋಗುತ್ತೆ,” ಎಂದು ಅತ್ತೆ ಅದನ್ನೂ ಸೆರಗಿನಲ್ಲಿ ಒರೆಸಿದರು.

ಸ್ನೇಹ ಬಂದು ಅಜ್ಜಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಎಣ್ಣೆ ಮಿಂಚುವ ಅಜ್ಜಿಯ ಕೈಯನ್ನು ನೋಡಿದಳು, ಅಮ್ಮನ ಮುಖವನ್ನು ನೋಡಿದಳು. ಈಗ ಅವಳನ್ನು ಎಲ್ಲಿಗಾದರೂ ಕಳಿಸೋಣವೆಂದರೆ ಅಮ್ಮನಲ್ಲಿ ಏಳುವ ಶಕ್ತಿ ಇರಲಿಲ್ಲ.

“ಅಜ್ಜೀ,” ಸ್ನೇಹ ಕೇಳಿದಳು, “ಕದ್ದು ಹರಳೆಣ್ಣೆ ಕುಡಿದ್ರೆ ಮಾತ್ರಾನಾ ನೀನು ಅಮ್ಮನ್ ತಲೆ ಸವರೋದು?”